ಅಗ್ರಿಮೆಂಟ್ ವ್ಯಾಪಾರ: ಕಂದಾಯ ಸಚಿವರಿಗೆ, ನೋಂದಣಿ ಇಲಾಖೆಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಹಾಗೂ ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರಿಗೆ,

ಮಾನ್ಯರೇ,

ಕರ್ನಾಟಕದಲ್ಲಿ ಊರು ಬೆಳೆಯುತ್ತಿರುವ ಕಡೆಯೆಲ್ಲ ಅಗ್ರಿಮೆಂಟ್ ವ್ಯಾಪಾರವೂ ಬೆಳೆಯುತ್ತಿದೆ. ಜಮೀನಿನ ಮಾಲೀಕರಿಗೆ ಸಣ್ಣ ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು ಬರೆಸಿಕೊಳ್ಳುವುದು, ಆ ಕರಾರನ್ನೇ ಸರಕು ಮಾಡಿಕೊಂಡು ಹೆಚ್ಚಿನ ದರಕ್ಕೆ ಇನ್ನೊಬ್ಬ ಪಾರ್ಟಿಯನ್ನು ಹುಡುಕುವುದು, ಕೊನೆಗೆ ಮಾಲೀಕರನ್ನೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆತಂದು ಆ ಪಾರ್ಟಿಯ ಹೆಸರಿಗೆ ನೇರವಾಗಿ ಕ್ರಯಪತ್ರ ಮಾಡಿಸಿ ನಡುವಿನ ಹಣ ತೆಗೆದುಕೊಳ್ಳುವುದು. ಅಮೆರಿಕದಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಎನ್ನುತ್ತಾರೆ. ನಮ್ಮಲ್ಲಿ ‘ಅಗ್ರಿಮೆಂಟ್ ಹಾಕ್ಕೊಂಡಿದ್ದಾರೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ನಾವು ಈ ಪತ್ರಗಳನ್ನು ಬರೆಯುವವರು, ಪರಿಶೀಲಿಸುವವರು, ಜಗಳ ಬಂದಾಗ ಕೋರ್ಟಿನಲ್ಲಿ ವಾದಿಸುವವರು. ಈ ವ್ಯಾಪಾರವನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಇದರಲ್ಲಿ ಕಾನೂನು ಒಪ್ಪುವ ಭಾಗವೇ ದೊಡ್ಡದು. ಆದರೆ ಎದುರಿಗೆ ಕೂತವರು ತಾವೇ ಕೊಳ್ಳುವವರೋ, ಕೊಳ್ಳುವವರನ್ನು ಹುಡುಕಲು ಹೊರಟವರೋ ಎಂಬುದು ಸಹಿ ಹಾಕುವ ಮಾಲೀಕರಿಗೆ ಬಹುಪಾಲು ಗೊತ್ತೇ ಇರುವುದಿಲ್ಲ. ನಮ್ಮ ತಕರಾರು ಇಷ್ಟೇ. ಅದನ್ನು ಗೊತ್ತುಮಾಡಿಸುವ ದಾರಿ ನಿಮ್ಮ ಕೈಯಲ್ಲಿದೆ.

ಮೊದಲು ಲೆಕ್ಕ ನೋಡೋಣ. 2 ಎಕರೆ 10 ಗುಂಟೆ, ಅಂದರೆ 90 ಗುಂಟೆ ಜಮೀನು ಎಂದಿಟ್ಟುಕೊಳ್ಳಿ. ಎಕರೆಗೆ 60 ಲಕ್ಷದಂತೆ 1 ಕೋಟಿ 35 ಲಕ್ಷಕ್ಕೆ ಕರಾರು. ಅಡ್ವಾನ್ಸ್ 5 ಲಕ್ಷ, ಅಂದರೆ ಒಟ್ಟು ಬೆಲೆಯ ಶೇ 4ಕ್ಕಿಂತ ಕಡಿಮೆ. ಕೆಲವು ತಿಂಗಳಲ್ಲಿ ಎಕರೆಗೆ 95 ಲಕ್ಷ ಕೊಡುವ ಪಾರ್ಟಿ ಸಿಗುತ್ತದೆ. ಒಟ್ಟು 2 ಕೋಟಿ 13 ಲಕ್ಷದ 75 ಸಾವಿರ. ನಡುವಿನ 78 ಲಕ್ಷದ 75 ಸಾವಿರ ಕರಾರುದಾರರದ್ದು. ಅದೇ ವ್ಯಕ್ತಿ ದಲ್ಲಾಳಿಯಾಗಿ ನಿಂತು ಶೇ 2ರ ಕಮಿಷನ್ ಪಡೆದಿದ್ದರೆ ಸಿಗುತ್ತಿದ್ದದ್ದು ಸುಮಾರು 4 ಲಕ್ಷದ 27 ಸಾವಿರ. ತಾವೇ ಕೊಂಡು ಆಮೇಲೆ ಮಾರಿದ್ದರೆ 1 ಕೋಟಿ 35 ಲಕ್ಷವನ್ನೂ ಹೊಂದಿಸಬೇಕಿತ್ತು, ಅದರ ಮೇಲೆ ಶೇ 5ರ ಮುದ್ರಾಂಕ ಶುಲ್ಕವೇ 6 ಲಕ್ಷದ 75 ಸಾವಿರ, ನೋಂದಣಿ ಶುಲ್ಕ ಮತ್ತು ಸೆಸ್ ಬೇರೆ. ದಲ್ಲಾಳಿಯ ಹೊಣೆಯೂ ಇಲ್ಲ, ಖರೀದಿದಾರರ ಬಂಡವಾಳವೂ ಇಲ್ಲ, ಲಾಭ ಮಾತ್ರ ಇಬ್ಬರನ್ನೂ ಮೀರಿಸಿದ್ದು. ಈ ವ್ಯಾಪಾರಕ್ಕೆ ಇಷ್ಟೊಂದು ಜನ ಇಳಿಯುವುದಕ್ಕೆ ಕಾರಣ ಇದು.

ಇದು ಕಾನೂನುಬದ್ಧವೇ? ಸ್ವತ್ತು ಹಸ್ತಾಂತರ ಕಾಯ್ದೆ, 1882ರ 54ನೇ ಕಲಂ ಪ್ರಕಾರ ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಹುಟ್ಟುವುದು ‘ನನಗೆ ಕ್ರಯಪತ್ರ ಮಾಡಿಕೊಡಿ’ ಎಂದು ಕೇಳುವ ಹಕ್ಕು ಮಾತ್ರ. ಆ ಹಕ್ಕನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದು. ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 15ನೇ ಕಲಂ ಇದನ್ನು ಒಪ್ಪುತ್ತದೆ, ಕರಾರಿನಲ್ಲೇ ‘ವರ್ಗಾಯಿಸುವಂತಿಲ್ಲ’ ಎಂದು ಬರೆದಿದ್ದರೆ ಒಪ್ಪುವುದಿಲ್ಲ. ಹಾಗಾಗಿ ಮಾಲೀಕರಿಗೆ ಎಲ್ಲವನ್ನೂ ತಿಳಿಸಿ, ಬ್ಯಾಂಕ್ ಮೂಲಕ ಹಣ ಕೊಟ್ಟು, ಕರಾರಿನ ಹಕ್ಕನ್ನು ಲಿಖಿತವಾಗಿ ವರ್ಗಾಯಿಸಿ, ಬಂದ ಲಾಭಕ್ಕೆ ತೆರಿಗೆ ಕಟ್ಟಿದವರು ತಪ್ಪು ಮಾಡಿದಂತಲ್ಲ. ತುಂಡುತುಂಡು ಹಿಸ್ಸಾಗಳನ್ನು ಒಟ್ಟುಗೂಡಿಸಿ, ಪೋಡಿ (ಅಳತೆ ಮಾಡಿಸಿ ಬೇರೆ ನಂಬರ್ ಪಡೆಯುವುದು) ಮಾಡಿಸಿ, ಹಳೆಯ ವ್ಯಾಜ್ಯ ಬಗೆಹರಿಸಿ ಮಾರಿಸುವವರಿದ್ದಾರೆ. ಅವರ ದುಡಿಮೆಗೆ ಬೆಲೆಯಿದೆ, ಅದನ್ನು ಅವರು ಬಹಿರಂಗವಾಗಿ ಪಡೆಯಲಿ.

ತಪ್ಪು ಹೊಕ್ಕುವುದು ಕರಾರಿನ ವಾಕ್ಯಗಳಲ್ಲಿ. ಬಹುತೇಕ ಕರಾರುಗಳ ಮೊದಲ ಪುಟದಲ್ಲೇ ಈ ಸಾಲು ಇರುತ್ತದೆ: ‘ಖರೀದಿದಾರರು ಎಂಬ ಪದವು ಅವರ ವಾರಸುದಾರರು, ಪ್ರತಿನಿಧಿಗಳು, ನಾಮಿನಿಗಳು ಹಾಗೂ ಅಸೈನೀಗಳನ್ನು ಒಳಗೊಂಡಿರುತ್ತದೆ.’ ಓದಿ ಹೇಳುವಾಗ ಇದು ಮಾಮೂಲಿ ಒಕ್ಕಣೆಯಂತೆ ಸರಿದುಹೋಗುತ್ತದೆ. ಇಡೀ ವ್ಯಾಪಾರ ನಿಂತಿರುವುದು ಇದರ ‘ನಾಮಿನಿ’ (ಖರೀದಿದಾರರು ಸೂಚಿಸುವವರು), ‘ಅಸೈನೀ’ (ಹಕ್ಕು ವರ್ಗಾಯಿಸಿಕೊಂಡವರು) ಎಂಬ ಎರಡು ಪದಗಳ ಮೇಲೆ. ಮುಂದೆ ಎಲ್ಲೋ, ‘ಖರೀದಿದಾರರು ಅಥವಾ ಅವರು ಸೂಚಿಸುವವರ ಹೆಸರಿಗೆ ಕ್ರಯಪತ್ರ ನೋಂದಾಯಿಸಿಕೊಡತಕ್ಕದ್ದು’ ಎಂದಿರುತ್ತದೆ. ಅವಧಿಯ ಕಲಂ ಇನ್ನೂ ಜಾಣತನದ್ದು: ‘ಮಾರಾಟಗಾರರು ಪೌತಿ ಖಾತೆ, ಪೋಡಿ, 11ಇ ಸ್ಕೆಚ್ ಇತ್ಯಾದಿ ಎಲ್ಲ ದಾಖಲೆಗಳನ್ನು ಸರಿಪಡಿಸಿ ಕೊಟ್ಟ ದಿನದಿಂದ ಆರು ತಿಂಗಳು.’ ಆ ಆರು ತಿಂಗಳು ಶುರುವಾಗುವುದೇ ಇಲ್ಲ. ತಾತನ ಹೆಸರಿನಲ್ಲಿರುವ ಪಹಣಿ ಮೊಮ್ಮಕ್ಕಳ ಹೆಸರಿಗೆ ಬರಬೇಕು, ಸರ್ವೆಯರ್ ಬಂದು ಅಳೆಯಬೇಕು, ಪಕ್ಕದ ಹಿಸ್ಸಾದವರು ತಕರಾರು ತೆಗೆಯಬಾರದು. ಅಷ್ಟರಲ್ಲಿ ಜಮೀನಿನ ದರ ಏರುತ್ತದೆ, ಕರಾರಿನ ದರ ಅಲ್ಲೇ ಉಳಿಯುತ್ತದೆ. ದರ ಇಳಿದರೆ ಕರಾರುದಾರರು 5 ಲಕ್ಷ ವಾಪಸ್ ಕೇಳುತ್ತಾರೆ, ಅದಕ್ಕೂ ಒಂದು ಕಲಂ ಬರೆದಿರುತ್ತದೆ.

ಮಾಲೀಕರಿಗೆ ವಿಷಯ ತಿಳಿದು, ನಾನು ಕೊಡುವುದಿಲ್ಲ ಎಂದರೆ ಮುಂದಿನ ಹೆಜ್ಜೆ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ, ಆಮೇಲೆ ದಾವೆ. ಸ್ಥಿರಾಸ್ತಿ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಲಮಿತಿ ಕರಾರಿನ ಜೀವಾಳವಲ್ಲ, ಅಂದರೆ ಗಡುವು ದಾಟಿದ ಮಾತ್ರಕ್ಕೆ ಕರಾರು ಮುಗಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 1992ರಲ್ಲಿ ಹೇಳಿದೆ. ದಾವೆ ಹೂಡಲು ಕರಾರಿನಲ್ಲಿ ಗೊತ್ತುಪಡಿಸಿದ ದಿನಾಂಕದಿಂದ ಮೂರು ವರ್ಷ ಅವಕಾಶವಿದೆ. ದಿನಾಂಕವೇ ಇಲ್ಲದಿದ್ದರೆ ಆ ಮೂರು ವರ್ಷ ಎಣಿಸುವುದು, ಮಾಲೀಕರು ನಿರಾಕರಿಸಿದ್ದು ತಿಳಿದ ದಿನದಿಂದ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ, ಕರಾರು ಜಾರಿಗೊಳಿಸಲು ಆದೇಶ ಕೊಡುವುದು ಬಿಡುವುದು ಮೊದಲಿನಂತೆ ಕೋರ್ಟಿನ ವಿವೇಚನೆಗೆ ಬಿಟ್ಟದ್ದಲ್ಲ. ಬಾಕಿ ಹಣ ಕೊಡಲು ತಾನು ಸದಾ ಸಿದ್ಧನಿದ್ದೆ ಎಂಬುದನ್ನು ದಾವೆ ಹೂಡಿದವರು ಅದೇ ಕಾಯ್ದೆಯ 16(ಸಿ) ಕಲಂ ಪ್ರಕಾರ ಸಾಬೀತು ಮಾಡಲೇಬೇಕು. ಖಾತೆಯಲ್ಲಿ ಹಣವೇ ಇಲ್ಲದ ಕರಾರುದಾರರು ಇಲ್ಲಿ ಸೋಲುವುದುಂಟು. ಆದರೆ ತೀರ್ಪು ಬರುವ ತನಕ ಆ ಜಮೀನನ್ನು ಯಾರೂ ಕೊಳ್ಳುವುದಿಲ್ಲ, ಬ್ಯಾಂಕ್ ಸಾಲವೂ ಹುಟ್ಟುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಮಾರಲು ಹೊರಟ ಕುಟುಂಬ ಅಷ್ಟು ಕಾಲ ತಡೆಯಲಾರದೆ ಹಳೆಯ ದರಕ್ಕೇ ಸಹಿ ಹಾಕುತ್ತದೆ. ದಾವೆಯ ಉದ್ದೇಶವೂ ಎಷ್ಟೋ ಬಾರಿ ಅದೇ ಆಗಿರುತ್ತದೆ.

ನಗದು ಅಡ್ವಾನ್ಸಿನ ಅಪಾಯವಂತೂ ಪೂರ್ತಿ ಮಾಲೀಕರ ಮೇಲೆ ಬೀಳುತ್ತದೆ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ. ದಂಡ ಹಣ ಪಡೆದವರಿಗೆ, ಕೊಟ್ಟವರಿಗಲ್ಲ. 5 ಲಕ್ಷ ನಗದು ಪಡೆದ ರೈತರು 5 ಲಕ್ಷ ದಂಡಕ್ಕೆ ಗುರಿಯಾಗಬಹುದು ಎಂದು ಅಗ್ರಿಮೆಂಟ್ ಬರೆಸುವವರು ಹೇಳುವುದಿಲ್ಲ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ 75 ಲಕ್ಷ ನಗದು ಕೊಟ್ಟಿದ್ದೇವೆ ಎಂದು ಕರಾರುದಾರರು ದಾವೆ ಹೂಡಿದ್ದರು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ದಾವೆಯನ್ನು ತಿರಸ್ಕರಿಸಿತು. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದು ಪಾವತಿ ನೋಂದಣಿಗೆ ಬಂದ ಪತ್ರದಲ್ಲಿ ಕಂಡರೆ ಉಪನೋಂದಣಾಧಿಕಾರಿ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದೂ ಹೇಳಿತು. ನೋಂದಣಿಗೇ ಬಾರದ ಬಾಂಡ್ ಪೇಪರ್ ಕರಾರುಗಳು ಈ ಬಲೆಗೂ ಬೀಳುವುದಿಲ್ಲ.

ತೆರಿಗೆಯ ಇನ್ನೊಂದು ಪೆಟ್ಟು ಕ್ರಯಪತ್ರದ ದಿನ. ಕರಾರುದಾರರನ್ನು ಕನ್ಫರ್ಮಿಂಗ್ ಪಾರ್ಟಿಯಾಗಿ, ಅಂದರೆ ಮಾರಾಟಕ್ಕೆ ಒಪ್ಪಿ ಸಹಿ ಹಾಕುವ ಪಕ್ಷಗಾರರಾಗಿ, ಸೇರಿಸದೆ ಬರಿಯ ಸಾಕ್ಷಿಯಾಗಿ ನಿಲ್ಲಿಸಿ, 2 ಕೋಟಿ 13 ಲಕ್ಷದ 75 ಸಾವಿರವನ್ನೂ ಮಾಲೀಕರೇ ಪಡೆದಂತೆ ಬರೆಯುತ್ತಾರೆ. ಹೆಚ್ಚುವರಿ ಹಣ ಅವರ ಖಾತೆಗೆ ಬಂದು ‘ಸಾಲ ವಾಪಸ್’ ಎಂಬ ಹೆಸರಿನಲ್ಲಿ ಹೊರಹೋಗುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರದ ಗಡಿಯಿಂದ 8 ಕಿಲೋಮೀಟರ್ ಒಳಗಿನ ಕೃಷಿ ಜಮೀನು ಬಂಡವಾಳ ಲಾಭದ ತೆರಿಗೆಗೆ ಒಳಪಡುತ್ತದೆ. ಒಂದರಿಂದ ಹತ್ತು ಲಕ್ಷ ಜನರಿರುವ ಊರಿಗೆ ಈ ದೂರ 6 ಕಿಲೋಮೀಟರ್, ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಪಟ್ಟಣಕ್ಕೆ 2 ಕಿಲೋಮೀಟರ್. ತಮ್ಮ ಕೈಗೆ ಬಾರದ 78 ಲಕ್ಷಕ್ಕೂ ಮಾಲೀಕರೇ ಉತ್ತರ ಕೊಡಬೇಕಾಗುತ್ತದೆ.

ಕೊನೆಯ ಖರೀದಿದಾರರ ಪಾಡೂ ನೆಮ್ಮದಿಯದಲ್ಲ. ಅವರು ದೊಡ್ಡ ಅಡ್ವಾನ್ಸ್ ಕೊಡುವುದು ಕರಾರುದಾರರಿಗೆ, ಮಾಲೀಕರ ಜೊತೆ ಅವರಿಗೆ ಒಪ್ಪಂದವೇ ಇರುವುದಿಲ್ಲ. ಕರಾರಿನ ಜೊತೆಗೇ ಮಾಡಿಸಿಕೊಂಡ ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ತೋರಿಸಿದರೆ ಧೈರ್ಯ ಬರುತ್ತದೆ. ಆದರೆ ಕರಾರು, ಜಿಪಿಎ, ವಿಲ್ ಈ ಮೂರನ್ನು ಸೇರಿಸಿದರೂ ಮಾಲೀಕತ್ವ ಬರುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲೇ ಹೇಳಿದೆ. ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯುತ್ತದೆ. ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗುವುದು ಇನ್ನೂ ಸಾಮಾನ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಯೂ ಇರಲಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಆದರೂ ಅಣ್ಣತಮ್ಮಂದಿರ ಸಹಿ ಸಾಕು ಎಂದು ಅಗ್ರಿಮೆಂಟ್ ಮುಗಿಸುತ್ತಾರೆ, ತಂಗಿಯನ್ನು ಹುಡುಕಿಕೊಂಡು ಹೋಗುವುದು ಕೊನೆಯ ಪಾರ್ಟಿಯ ವಕೀಲರು ವಂಶವೃಕ್ಷ ಕೇಳಿದ ಮೇಲೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ‘ಹಸ್ತಾಂತರ’ದ ವ್ಯಾಖ್ಯೆಯೊಳಗೆ ಕ್ರಯದ ಕರಾರೂ ಸೇರಿದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕ್ರಯಪತ್ರ ಮಾತ್ರವಲ್ಲ, ಅಗ್ರಿಮೆಂಟ್ ಹಾಕಿಕೊಳ್ಳುವುದೂ ಅಸಿಂಧು. ಜಮೀನು ವಾಪಸ್ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಹೀಗಿದ್ದರೂ ‘ಪರ್ಮಿಷನ್ ನಾವೇ ತರ್ತೀವಿ’ ಎಂದು ಮೊದಲೇ ಕರಾರು ಬರೆಸಿಕೊಳ್ಳುವುದು ನಿಂತಿಲ್ಲ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಇನ್ನು ನೈತಿಕತೆಯ ಪ್ರಶ್ನೆ. ಕೊಳ್ಳುವವರಿಗೆ ಮಾರುಕಟ್ಟೆಯ ದರ ಮಾರುವವರಿಗಿಂತ ಚೆನ್ನಾಗಿ ಗೊತ್ತಿರುವುದೇ ತಪ್ಪಲ್ಲ. ಚೌಕಾಶಿ ನಡೆಯುವುದೇ ಹಾಗೆ. ಕಾನೂನು ಗೆರೆ ಎಳೆದಿರುವುದು ಬೇರೆ ಎರಡು ಕಡೆ. ಮಾರುವವರ ಹಕ್ಕಿನ ಸ್ವರೂಪ ಅಥವಾ ವಿಸ್ತೀರ್ಣದ ಬಗ್ಗೆ ಬೆಲೆ ಗಣನೀಯವಾಗಿ ಹೆಚ್ಚಿಸುವ ಸಂಗತಿ ಕೊಳ್ಳುವವರಿಗೆ ಗೊತ್ತಿದ್ದು ಮಾರುವವರಿಗೆ ಗೊತ್ತಿಲ್ಲದಿದ್ದರೆ, ಅದನ್ನು ಮುಚ್ಚಿಡುವುದು ವಂಚನೆ ಎನ್ನುತ್ತದೆ ಸ್ವತ್ತು ಹಸ್ತಾಂತರ ಕಾಯ್ದೆಯ 55ನೇ ಕಲಂ. ಅಳತೆಯಲ್ಲಿ ಇಪ್ಪತ್ತು ಗುಂಟೆ ಹೆಚ್ಚು ಬಂದದ್ದನ್ನು ಸರ್ವೆ ಮಾಡಿಸಿದವರು ಬಚ್ಚಿಡುವಂತಿಲ್ಲ. ಎರಡನೆಯದು ಹೆಚ್ಚು ಮುಖ್ಯವಾದದ್ದು, ಹೆಚ್ಚು ಮರೆತುಹೋದದ್ದು. ‘ಒಂದು ಪಾರ್ಟಿ ನೋಡಿಕೊಡಿ’ ಎಂದು ಮಾಲೀಕರು ಯಾರನ್ನಾದರೂ ಕೇಳಿ, ಅವರು ಒಪ್ಪಿ ಕೆಲಸ ಶುರುಮಾಡಿದರೆ, ಅವರು ಮಾಲೀಕರ ಏಜೆಂಟ್. ಆಮೇಲೆ ಗುಟ್ಟಾಗಿ ತಮಗೋ ತಮ್ಮ ಬಾಮೈದನಿಗೋ ಅಗ್ರಿಮೆಂಟ್ ಮಾಡಿಸಿಕೊಂಡು ಲಾಭ ತೆಗೆದರೆ, ಭಾರತೀಯ ಕರಾರು ಕಾಯ್ದೆ, 1872ರ 215 ಮತ್ತು 216ನೇ ಕಲಂ ಪ್ರಕಾರ ಮಾಲೀಕರು ಆ ವ್ಯವಹಾರವನ್ನೇ ಒಲ್ಲೆ ಎನ್ನಬಹುದು, ಇಲ್ಲವೇ ಆ ಲಾಭ ತಮ್ಮದು ಎಂದು ಕೇಳಬಹುದು. ‘ಅಣ್ಣಾ, ಯಾರಾದ್ರೂ ಇದ್ರೆ ಹೇಳಿ’ ಎಂದು ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಅಲ್ಲಿ ಸಾಕ್ಷ್ಯವಾಗುತ್ತದೆ. ಅದನ್ನು ಅಳಿಸಬೇಡಿ ಎಂದು ಮಾಲೀಕರಿಗೆ ಹೇಳುವವರು ಬೇಕಾಗಿದ್ದಾರೆ.

ಇದಕ್ಕೆಲ್ಲ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಇದೆಯಲ್ಲ ಎಂದು ಕೇಳಬಹುದು. 2016ರ ಆ ಕಾಯ್ದೆಯ ಏಜೆಂಟ್ ನೋಂದಣಿ ಅನ್ವಯಿಸುವುದು ರಿಯಲ್ ಎಸ್ಟೇಟ್ ಪ್ರಾಜೆಕ್ಟಿನ ಸೈಟು, ಫ್ಲಾಟ್‌ಗಳಿಗೆ ಮಾತ್ರ. ಪರಿವರ್ತನೆಯಾಗದ ಹೊಲ, ಹಳೆಯ ಮನೆ ಅದರಾಚೆ ಉಳಿಯುತ್ತವೆ. ಮೇಲಾಗಿ ಕರಾರುದಾರರು ‘ನಾನು ಯಾರ ಪರವಾಗಿಯೂ ಅಲ್ಲ, ನಾನೇ ಖರೀದಿದಾರ’ ಎನ್ನುತ್ತಾರೆ. ರೈತರ ಮುಂದೆ ಕೊಳ್ಳುವವರು, ಪಾರ್ಟಿಯ ಮುಂದೆ ಮಾರುವವರು, ಕಾನೂನಿನ ಮುಂದೆ ಎರಡೂ ಅಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾದ ಮೇಲೆ ಈ ವ್ಯಾಪಾರದ ಕೊನೆಯ ಗಿರಾಕಿಗಳ ಸಂಖ್ಯೆಗೆ ಮಿತಿಯಿಲ್ಲ. ಮಾರುವವರ ರಕ್ಷಣೆ ಮಾತ್ರ ಇದ್ದಲ್ಲೇ ಇದೆ.

ಮಾಲೀಕರಿಗೆ ಇಲ್ಲೇ ನಾಲ್ಕು ಮಾತು. ‘ನಾಮಿನಿ’, ‘ಅಸೈನೀ’, ‘ಸೂಚಿಸುವವರು’ ಪದಗಳನ್ನು ಹೊಡೆದುಹಾಕಿಸಿ, ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿ. ಅದು ಸಾಲದು, ‘ಮಾರಾಟಗಾರರ ಲಿಖಿತ ಒಪ್ಪಿಗೆ ಇಲ್ಲದೆ ಈ ಕರಾರಿನ ಹಕ್ಕನ್ನು ಯಾರಿಗೂ ವರ್ಗಾಯಿಸತಕ್ಕದ್ದಲ್ಲ’ ಎಂಬ ಸಾಲು ಬರೆಸಿ. ಅವಧಿಯನ್ನು ಕ್ಯಾಲೆಂಡರ್ ದಿನಾಂಕದಲ್ಲಿ ಬರೆಸಿ, ‘ಕಾಲಮಿತಿಯೇ ಈ ಕರಾರಿನ ಜೀವಾಳ’ ಎಂದು ಸೇರಿಸಿ. ಅಡ್ವಾನ್ಸ್ ಒಟ್ಟು ಬೆಲೆಯ ಶೇ 20-25ಕ್ಕಿಂತ ಕಡಿಮೆಯಾಗದಿರಲಿ, ಬ್ಯಾಂಕ್ ಮೂಲಕವೇ ಬರಲಿ: ಅಷ್ಟು ಹಣ ಹೊಂದಿಸಲಾರದವರು ಕೊಳ್ಳಲು ಬಂದವರಲ್ಲ. ಕರಾರಿನ ದಿನವೇ ಜಿಪಿಎಗೆ ಸಹಿ ಕೇಳಿದರೆ ಎದ್ದುಬನ್ನಿ. ಮೂಲಪತ್ರಗಳನ್ನು ಕೊಡಬೇಡಿ, ಜೆರಾಕ್ಸ್ ಸಾಕು. ಕರಾರಿನಲ್ಲಿ ‘ಸ್ವಾಧೀನ ಕೊಟ್ಟಿಲ್ಲ’ ಎಂದು ಬರೆದು ಮರುದಿನ ಕಲ್ಲುಕಂಬ ನೆಟ್ಟು ತಂತಿ ಎಳೆಯಲು ಬಂದರೆ ಅಂದೇ ಲಿಖಿತವಾಗಿ ಆಕ್ಷೇಪಿಸಿ. ಸ್ವಾಧೀನ ಸಹಿತ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತಗಲುತ್ತದೆ. ಹಾಗೆ ಬರೆಯದೆ ತಂತಿ ಎಳೆಯುವುದು ಆ ಶುಲ್ಕ ತಪ್ಪಿಸುವ ದಾರಿ.

ಮಾನ್ಯರೇ, ಈಗ ನಮ್ಮ ಬೇಡಿಕೆಗಳು.

ಸ್ವಾಧೀನ ರಹಿತ ಕ್ರಯದ ಕರಾರಿಗೆ ಕರ್ನಾಟಕದಲ್ಲಿ ನೋಂದಣಿ ಕಡ್ಡಾಯವಿಲ್ಲ. ತಮಿಳುನಾಡು 2012ರ ತಿದ್ದುಪಡಿಯಲ್ಲೇ ಕಡ್ಡಾಯ ಮಾಡಿದೆ. ನಮ್ಮಲ್ಲೂ ಮಾಡಿ. ಆದರೆ ಬರಿಯ ಕಡ್ಡಾಯದಿಂದ ಮಾಲೀಕರಿಗೆ ಉಪಕಾರಕ್ಕಿಂತ ಅಪಕಾರವೇ ಆದೀತು. ಇಂದು ನೋಂದಾಯಿತ ಕರಾರು ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಒಮ್ಮೆ ಕೂತರೆ, ಅವಧಿ ಮುಗಿದು ವರ್ಷಗಳಾದರೂ ಇಬ್ಬರೂ ಬಂದು ರದ್ದತಿ ಪತ್ರ ಮಾಡಿಸುವ ತನಕ ಅಲ್ಲೇ ಇರುತ್ತದೆ, ರದ್ದು ಮಾಡಲು ಬರಬೇಕಾದರೆ ಇಷ್ಟು ಕೊಡಿ ಎಂದು ಕರಾರುದಾರರು ಕೇಳುತ್ತಾರೆ. ಆದ್ದರಿಂದ ಪ್ರತಿ ಕರಾರಿನ ಮುಕ್ತಾಯದ ದಿನಾಂಕವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಪ್ರತ್ಯೇಕವಾಗಿ ನಮೂದಿಸುವಂತೆ ಮಾಡಿ. ಆ ದಿನಾಂಕ ದಾಟಿ ಮೂರು ವರ್ಷವಾಗಿ, ದಾವೆಯ ಮಾಹಿತಿ ಇಲ್ಲದಿದ್ದರೆ ಇಸಿಯಲ್ಲಿ ‘ಅವಧಿ ಮುಗಿದಿದೆ’ ಎಂದು ತಾನಾಗಿ ಕಾಣಿಸಲಿ.

ಕರಾರಿನ ಮೊದಲ ಪುಟದಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಒಂದು ಘೋಷಣೆ ಕಡ್ಡಾಯವಾಗಲಿ: ‘ನಾನು ಈ ಸ್ವತ್ತನ್ನು ನನ್ನ ಹೆಸರಿಗೇ ಕೊಳ್ಳುತ್ತೇನೆ’ ಅಥವಾ ‘ಈ ಕರಾರನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ವರ್ಗಾಯಿಸುವ ಉದ್ದೇಶ ನನಗಿದೆ, ಆ ಲಾಭದಲ್ಲಿ ಮಾರಾಟಗಾರರಿಗೆ ಪಾಲಿಲ್ಲ.’ ಎರಡರಲ್ಲಿ ಒಂದನ್ನು ಗುರುತು ಮಾಡಿ ಸಹಿ ಹಾಕಲಿ. ಎರಡನೆಯದನ್ನು ಗುರುತು ಮಾಡಿದ್ದರೆ, ದಂಡವಿಲ್ಲದೆ ಹಿಂದೆ ಸರಿಯಲು ಮಾಲೀಕರಿಗೆ ಮೂವತ್ತು ದಿನ ಕೊಡಿ. 2025ರ ಜನವರಿಯಿಂದ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹೋಲ್‌ಸೇಲರ್‌ಗಳಿಗೆ ಲೈಸೆನ್ಸ್, ಬಹಿರಂಗ ಘೋಷಣೆ, ಮಾಲೀಕರಿಗೆ ಮೂವತ್ತು ದಿನಗಳ ರದ್ದತಿ ಹಕ್ಕು ಮೂರೂ ಜಾರಿಯಲ್ಲಿವೆ. ಇಲಿನಾಯ್ ರಾಜ್ಯ 2019ರಲ್ಲೇ ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಇಂಥ ವ್ಯವಹಾರ ಮಾಡುವವರಿಗೆ ಲೈಸೆನ್ಸ್ ಬೇಕೆಂದಿತು. ಆಧಾರ್, ಪ್ಯಾನ್ ಮೂಲಕ ಒಬ್ಬರು ವರ್ಷಕ್ಕೆ ಎಷ್ಟು ಕರಾರು ಮಾಡುತ್ತಾರೆ ಎಂದು ಎಣಿಸುವುದು ಕಾವೇರಿಗೆ ಕಷ್ಟವಲ್ಲ.

ಕ್ರಯಪತ್ರದಲ್ಲಿ ಹಿಂದಿನ ಎಲ್ಲ ಕರಾರುದಾರರೂ ಕನ್ಫರ್ಮಿಂಗ್ ಪಾರ್ಟಿಗಳಾಗಿ ಬರಲಿ. ಯಾರಿಗೆ ಎಷ್ಟು ಸಂದಿತು ಎಂಬುದು ಬ್ಯಾಂಕ್ ವಹಿವಾಟಿನ ಸಂಖ್ಯೆಯೊಂದಿಗೆ ಪ್ರತ್ಯೇಕ ಪಟ್ಟಿಯಲ್ಲಿರಲಿ, ಆಗ ಮಾಲೀಕರು ತಾವು ಪಡೆದಷ್ಟಕ್ಕೆ ಮಾತ್ರ ತೆರಿಗೆ ಲೆಕ್ಕ ಕೊಟ್ಟರೆ ಸಾಕು. ಉಪನೋಂದಣಾಧಿಕಾರಿ ಆ ಪಟ್ಟಿಯನ್ನು ಮಾಲೀಕರಿಗೆ ಓದಿ ಹೇಳಿಯೇ ಹೆಬ್ಬೆಟ್ಟು ಪಡೆಯಲಿ.

ಕ್ರಯಪತ್ರವಾದ ಕೂಡಲೇ ಪಹಣಿಯ ‘ಭೂಮಿ’ ತಂತ್ರಾಂಶಕ್ಕೆ ಮಾಹಿತಿ ತಾನಾಗಿ ಹೋಗುವ ವ್ಯವಸ್ಥೆ ಈಗಾಗಲೇ ಇದೆ. ಅದೇ ಜೋಡಣೆಯನ್ನು ಕರಾರಿನ ಹಂತಕ್ಕೂ ತನ್ನಿ. ಸರ್ವೆ ನಂಬರ್ ಹಾಕಿದ ತಕ್ಷಣ ಮಂಜೂರಾತಿ ಜಮೀನೇ ಎಂಬುದು ಪರದೆಯ ಮೇಲೆ ಬರಲಿ, ಪಿಟಿಸಿಎಲ್ ಅನ್ವಯಿಸುವ ಜಮೀನಾದರೆ ಪೂರ್ವಾನುಮತಿ ಆದೇಶದ ಸಂಖ್ಯೆ ಇಲ್ಲದೆ ಕರಾರು ಮುಂದೆ ಸಾಗದಿರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಮತ್ತು ತಂತ್ರಾಂಶದ ಬದಲಾವಣೆ ಸಾಕು. ಉಳಿದವಕ್ಕೆ ಶಾಸನಸಭೆಗೆ ಹೋಗಬೇಕಾದರೂ ಇದನ್ನು ಮೊದಲು ಮಾಡಿ ಎಂದು ಕೋರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಪತ್ರಬರಹಗಾರರು ಹಾಗೂ ಭೂದಾಖಲೆ ವಕೀಲರು